ಕ್ಯಾಂಪಸ್ ರೇಡಿಯೊದ ಬೀಗದ ಕೈ ಯಾರ ಹತ್ತಿರ ಇರಬೇಕು? ಕುಲಪತಿಗಳಿಗೆ, ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕಾಲೇಜುಗಳ ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ,

ನಮಸ್ಕಾರ.

ನಿಮ್ಮಲ್ಲಿ ಕೆಲವರ ಕ್ಯಾಂಪಸ್ಸಿನಲ್ಲಿ ಈಗಾಗಲೇ ಸಮುದಾಯ ರೇಡಿಯೊ, ಅಂದರೆ ಸುತ್ತಲಿನ ಜನರಿಗಾಗಿ ನಡೆಯುವ ಸಣ್ಣ ಎಫ್‌ಎಂ ಕೇಂದ್ರ, ಇದೆ. ಇನ್ನು ಕೆಲವರು ಅರ್ಜಿ ಹಾಕುವ ಯೋಚನೆಯಲ್ಲಿದ್ದೀರಿ. ಎಲ್ಲರಲ್ಲೂ ನನ್ನದು ಒಂದೇ ಕೇಳಿಕೆ. ಆ ಕೇಂದ್ರದಲ್ಲಿ ಏನು ಪ್ರಸಾರ ಆಗಬೇಕು ಎಂದು ತೀರ್ಮಾನಿಸುವಾಗ ವಿದ್ಯಾರ್ಥಿಗಳಿಗೂ ಮತ ಇರಲಿ. ಅದನ್ನು ಬಾಯಿಮಾತಿಗೆ ಬಿಡಬೇಡಿ, ಬರೆದು ಸಹಿ ಹಾಕಿ ಕೊಡಿ.

‘ನಮ್ಮ ಮಕ್ಕಳೇ ತಾನೆ ಅಲ್ಲಿ ಕಾರ್ಯಕ್ರಮ ಮಾಡೋದು, ಇನ್ನೇನು ಕೊಡಬೇಕು?’ ಅಂತ ನೀವು ಕೇಳಬಹುದು. ಮೈಕಿನ ಮುಂದೆ ಕೂರುವುದು ಬೇರೆ, ಕೇಂದ್ರ ನಡೆಸುವುದು ಬೇರೆ. ಎರಡಕ್ಕೂ ಎಷ್ಟು ದೂರ ಅನ್ನುವುದನ್ನು ತೋರಿಸಲು ಅಮೆರಿಕದ ಒಂದು ಕಾಲೇಜು ರೇಡಿಯೊದ ಚರಿತ್ರೆ ಹೇಳುತ್ತೇನೆ. ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿರುವ ರೈಸ್ ವಿಶ್ವವಿದ್ಯಾಲಯದ ಕೆಟಿಆರ್‌ಯು ಕೇಂದ್ರದ್ದು. ಅದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಒಂದು ಕಾಲೇಜು ರೇಡಿಯೊಗೆ ಏನೇನು ಆಗಬಹುದೋ ಅಷ್ಟೂ ಅದೊಂದಕ್ಕೇ ಆಗಿದೆ.

ಅದು ಶುರುವಾದದ್ದು 1967ರಲ್ಲಿ, ಹ್ಯಾನ್‌ಜನ್ ಕಾಲೇಜು ಎಂಬ ಹಾಸ್ಟೆಲ್ಲಿನಲ್ಲಿ. ರೈಸ್‌ನಲ್ಲಿ ವಿದ್ಯಾರ್ಥಿಗಳು ಇರುವ ಕಟ್ಟಡಗಳಿಗೇ ‘ಕಾಲೇಜು’ ಎಂದು ಕರೆಯುತ್ತಾರೆ. ಕೋಣೆಗಳಿಗೆ ಹೋಗುತ್ತಿದ್ದ ಬಜರ್ ತಂತಿಗಳು ಅಲ್ಲಿ ಮೊದಲೇ ಇದ್ದವು. ಕೆಲವು ಹುಡುಗರು ಒಂದು ಪುಟ್ಟ ಎಎಂ ಟ್ರಾನ್ಸ್‌ಮಿಟರನ್ನು ಆ ತಂತಿಗೆ ಜೋಡಿಸಿದರು. ತಂತಿಯ ಹತ್ತಿರ ರೇಡಿಯೊ ಇಟ್ಟವರಿಗೆ ಹಾಡು ಕೇಳಿಸಿತು. ಕಟ್ಟಡದಿಂದ ಆಚೆ ಹೋದರೆ ಏನೂ ಇಲ್ಲ. ಅನುಮತಿ ಇರಲಿಲ್ಲ, ಬಜೆಟ್ ಇರಲಿಲ್ಲ. ಮೇಲ್ವಿಚಾರಣೆಗೆ ಒಂದು ಸಮಿತಿ ಅಂತೂ ಇರಲೇ ಇಲ್ಲ.

ಇಂಥ ಕಿತಾಪತಿಗೆ ಆ ದೇಶದಲ್ಲಿ ಹಳೆಯ ಪರಂಪರೆಯೇ ಇದೆ. 1936ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೋರ್ಸ್ಟ್ ಮತ್ತು ಜಾರ್ಜ್ ಅಬ್ರಹಾಂ ಎಂಬ ಇಬ್ಬರು ವಿದ್ಯಾರ್ಥಿಗಳು ಹಾಸ್ಟೆಲ್ ಕೋಣೆಯಿಂದ ಕೋಣೆಗೆ ತಂತಿ ಎಳೆದು ‘ಬ್ರೌನ್ ನೆಟ್‌ವರ್ಕ್’ ಶುರು ಮಾಡಿದ್ದರು. ಬೇರೆ ಕಾಲೇಜಿನವರು ನೋಡಿ ಕಲಿತರು. ನಾಲ್ಕೇ ವರ್ಷಕ್ಕೆ ಕಾಲೇಜು ಕೇಂದ್ರಗಳದ್ದೇ ಒಂದು ಒಕ್ಕೂಟ ಹುಟ್ಟಿತು. 1948ರಲ್ಲಿ ಅಲ್ಲಿನ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ 10 ವ್ಯಾಟಿನ ಸಣ್ಣ ಎಫ್‌ಎಂ ಪರವಾನಗಿ ಕೊಡಲು ಆರಂಭಿಸಿತು. ಹತ್ತು ವ್ಯಾಟ್ ಅಂದರೆ ಇವತ್ತು ನಮ್ಮ ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು ಕರೆಂಟು. ಅಷ್ಟರಲ್ಲೇ ಕ್ಯಾಂಪಸ್ಸು, ಸುತ್ತಲಿನ ಬಡಾವಣೆ ಮುಟ್ಟಬಹುದಿತ್ತು.

ರೈಸ್‌ನ ಹುಡುಗರೂ ಅದೇ ದಾರಿ ಹಿಡಿದರು. ಹಾಸ್ಟೆಲ್ಲಿನ ಕೇಂದ್ರ ಸ್ವಲ್ಪ ದೊಡ್ಡದಾಗಿ ‘ಕೌವಿ’ ಆಯಿತು. ಗೂಬೆ ಆ ವಿಶ್ವವಿದ್ಯಾಲಯದ ಲಾಂಛನ, ಅದರ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನೇ ಆಟವಾಡಿ ಹೆಸರು ಮಾಡಿಕೊಂಡಿದ್ದರು. 1971ರಲ್ಲಿ 91.7ರಲ್ಲಿ ಎಫ್‌ಎಂ ಆಗಿ, ಕೆಟಿಆರ್‌ಯು ಎಂಬ ಹೆಸರು ನಿಂತಿತು. ಆಮೇಲೆ ಹಂತ ಹಂತವಾಗಿ ಶಕ್ತಿ ಏರಿತು. ದೊಡ್ಡ ಜಿಗಿತ ಬಂದದ್ದು 1991ರಲ್ಲಿ. ನಗರದ ಒಂದು ವಾಣಿಜ್ಯ ರೇಡಿಯೊ ಕೇಂದ್ರದ ಜೊತೆ ಆದ ಒಪ್ಪಂದದಿಂದ ಕೆಟಿಆರ್‌ಯುಗೆ 50,000 ವ್ಯಾಟಿನ ಟ್ರಾನ್ಸ್‌ಮಿಟರ್ ಸಿಕ್ಕಿತು. ಬಜರ್ ತಂತಿಯಲ್ಲಿ ಹುಟ್ಟಿದ್ದು ಇಡೀ ಹ್ಯೂಸ್ಟನ್ ನಗರಕ್ಕೆ ಕೇಳಿಸತೊಡಗಿತು.

ಅಲ್ಲಿ ಕೇಳಿಸುತ್ತಿದ್ದದ್ದಾದರೂ ಏನು? ಬೇರೆ ಯಾವ ಕೇಂದ್ರವೂ ಹಾಕದ್ದು. ಜಾಝ್ ಆದ ಮೇಲೆ ಪಂಕ್, ಅದಾದ ಮೇಲೆ ಯಾವುದೋ ದೇಶದ ಜನಪದ ಹಾಡು, ಆಮೇಲೆ ಬರೀ ಗದ್ದಲ ಎನಿಸುವಂಥ ಪ್ರಯೋಗ. ಮಕ್ಕಳಿಗೆ ಬೇರೆ ಕಾರ್ಯಕ್ರಮ ಇತ್ತು. ರೆಗ್ಗೆಗೆ ಬೇರೆ, ಊರಿನ ಸಣ್ಣಪುಟ್ಟ ಬ್ಯಾಂಡುಗಳಿಗೆ ಬೇರೆ. ಎಲ್ಲವೂ ಚೆನ್ನಾಗಿತ್ತು ಅಂತ ನಾನೇನೂ ಹೇಳುವುದಿಲ್ಲ. ಹತ್ತೊಂಬತ್ತರ ಹುಡುಗ ರಾತ್ರಿ ಮೂರು ಗಂಟೆಗೆ ತನ್ನಿಷ್ಟದ ಹಾಡು ಹಾಕಿದರೆ ಅರ್ಧ ಕಸವೇ ಇರುತ್ತದೆ. ಆದರೆ ಉಳಿದರ್ಧ ಇನ್ನೆಲ್ಲೂ ಸಿಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ನೀವು ಗಮನಿಸಬೇಕು. ಕಾಲೇಜು ರೇಡಿಯೊದ ದೊಡ್ಡ ತಲೆನೋವು ವಿದ್ಯಾರ್ಥಿಗಳು ಕಲಿತು ಮುಗಿಯುವಷ್ಟರಲ್ಲಿ ಹೊರಟುಹೋಗುವುದು. ಕೆಟಿಆರ್‌ಯು ಅದಕ್ಕೊಂದು ದಾರಿ ಹುಡುಕಿಕೊಂಡಿತ್ತು. ಹಳೆಯ ವಿದ್ಯಾರ್ಥಿಗಳು, ಊರಿನ ಸಂಗೀತ ಹುಚ್ಚಿನವರು ಸ್ವಯಂಸೇವಕರಾಗಿ ಸೇರಿಕೊಳ್ಳುತ್ತಿದ್ದರು. ನಿರ್ಧಾರ ವಿದ್ಯಾರ್ಥಿಗಳದ್ದು, ಕೈಜೋಡಿಸುವವರು ಊರಿನವರು. ರಜೆಯಲ್ಲಿ ಕ್ಯಾಂಪಸ್ಸು ಖಾಲಿಯಾದರೂ ಮೈಕು ಖಾಲಿ ಇರುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು 2000ದ ಕೊನೆಯಲ್ಲಿ. ವಿಶ್ವವಿದ್ಯಾಲಯದ ತಂಡಗಳ ಆಟದ ನೇರ ಪ್ರಸಾರ ಜಾಸ್ತಿ ಮಾಡಬೇಕು ಎಂದು ಆಡಳಿತ ಒತ್ತಾಯಿಸಿತು. ಕೇಂದ್ರದವರಿಗೆ ಇಷ್ಟವಿರಲಿಲ್ಲ. ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯದ ಪ್ರಸಾರ ನಡೆಯುತ್ತಿದ್ದಾಗ ಅದರ ಮೇಲೇ ಸಂಗೀತ ಹಾಕಿ ಪ್ರತಿಭಟಿಸಿದರು. ಆಡುತ್ತಿದ್ದ ಹುಡುಗಿಯರಿಗೆ ಮಾಡಿದ ಅವಮಾನ ಅದು ಎಂದು ನನಗನಿಸುತ್ತದೆ, ಆ ಮಾತು ಬೇರೆ. ಆಡಳಿತ ಸ್ಟುಡಿಯೊಗೆ ಬೀಗ ಹಾಕಿತು. ಸುಮಾರು ಒಂದು ವಾರ ವಿದ್ಯಾರ್ಥಿಗಳು ಹೊರಗೇ. ಕ್ಯಾಂಪಸ್ಸಿನಲ್ಲಿ ಗಲಾಟೆಯಾಗಿ, ಮಾತುಕತೆ ನಡೆದು, ಒಪ್ಪಂದ ಆದ ಮೇಲೆ ಬಾಗಿಲು ತೆರೆಯಿತು. ಆದರೆ ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದು ಆ ವಾರದಲ್ಲಿ ಎಲ್ಲರಿಗೂ ಗೊತ್ತಾಗಿಹೋಯಿತು.

ಎರಡನೆಯ ಪೆಟ್ಟು 2010ರ ಆಗಸ್ಟಿನಲ್ಲಿ. ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಕೇಂದ್ರವನ್ನು ಮಾರುವ ಮಾತುಕತೆ ಗುಟ್ಟಾಗಿ ನಡೆದಿತ್ತು. ಬೆಲೆ 95 ಲಕ್ಷ ಡಾಲರ್. ಪರವಾನಗಿ, ತರಂಗಾಂತರ, ಟ್ರಾನ್ಸ್‌ಮಿಟರ್ ಎಲ್ಲ ಸೇರಿ. ಕೇಂದ್ರ ನಡೆಸುತ್ತಿದ್ದ ವಿದ್ಯಾರ್ಥಿಗಳಿಗೆ ಇದು ತಿಳಿದದ್ದು ಪತ್ರಿಕೆಯಲ್ಲಿ ಸುದ್ದಿ ಹೊರಬಿದ್ದಾಗ! ಕಾನೂನಿನ ಪ್ರಕಾರ ಆಡಳಿತದ್ದು ತಪ್ಪಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪರವಾನಗಿ ಇದ್ದದ್ದು ವಿಶ್ವವಿದ್ಯಾಲಯದ ಹೆಸರಿನಲ್ಲಿ. ನಲವತ್ತಮೂರು ವರ್ಷ ಕಟ್ಟಿದವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ವಿದ್ಯಾರ್ಥಿಗಳೂ ಕೇಳುಗರೂ ಸುಮ್ನೆ ಕೂರಲಿಲ್ಲ. ಪ್ರತಿಭಟನೆ ಮಾಡಿದರು, ರೇಡಿಯೊ ಪರವಾನಗಿ ಕೊಡುವ ಅಮೆರಿಕ ಸರ್ಕಾರದ ಸಂಪರ್ಕ ಆಯೋಗಕ್ಕೆ ಆಕ್ಷೇಪಣೆ ಸಲ್ಲಿಸಿದರು. ಆಯೋಗ 2011ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು 28ರ ಬೆಳಿಗ್ಗೆ 91.7 ಕೈ ಬದಲಾಯಿತು. ಅಲ್ಲಿಂದ ಮುಂದೆ ಅದರಲ್ಲಿ ಶಾಸ್ತ್ರೀಯ ಸಂಗೀತ. ಬಂದ ಹಣದಲ್ಲಿ ಒಂದು ಭಾಗ ಕ್ಯಾಂಪಸ್ಸಿನ ಹೊಸ ಊಟದ ಹಾಲಿಗೆ ಹೋಯಿತು. ಹೊಟ್ಟೆಗೂ ಬೇಕು ಬಿಡಿ. ಆದರೆ ಕೊಂಡವರು ಆ ಶಾಸ್ತ್ರೀಯ ಸಂಗೀತದ ಕೇಂದ್ರವನ್ನು ಐದೇ ವರ್ಷಕ್ಕೆ ಒಂದು ಕ್ರೈಸ್ತ ಪ್ರಸಾರ ಸಂಸ್ಥೆಗೆ ಮಾರಿದರು. ಒಂದು ಸಲ ಕೈತಪ್ಪಿದ ತರಂಗಾಂತರ ಹೀಗೇ ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ಇದು ಒಂಟಿ ಪ್ರಕರಣ ಅಲ್ಲ. ಅದೇ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಕೇಂದ್ರವೂ, ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೇಂದ್ರವೂ ಹೀಗೇ ಎಫ್‌ಎಂ ಕಳೆದುಕೊಂಡವು.

ಕೆಟಿಆರ್‌ಯು ಸಾಯಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮುಂದುವರಿಯಿತು. ಊರಿನ ಇನ್ನೊಂದು ಸಮುದಾಯ ಕೇಂದ್ರ ತನ್ನ ಡಿಜಿಟಲ್ ವಾಹಿನಿಯಲ್ಲಿ ಜಾಗ ಕೊಟ್ಟಿತು. ಅಷ್ಟರಲ್ಲಿ ಅಮೆರಿಕದಲ್ಲಿ ಕಡಿಮೆ ಶಕ್ತಿಯ ಎಫ್‌ಎಂ ಕೇಂದ್ರಗಳಿಗೆ ದಾರಿ ಮಾಡಿಕೊಡುವ ಹೊಸ ಕಾನೂನು ಬಂದಿತ್ತು. ರೈಸ್‌ನವರು ಅರ್ಜಿ ಹಾಕಿದರು. 2015ರಲ್ಲಿ 96.1ರಲ್ಲಿ ಕೇಂದ್ರ ಮತ್ತೆ ಗಾಳಿಗೆ ಬಂತು. ಈ ಬಗೆಯ ಪರವಾನಗಿಯ ಮಿತಿ 100 ವ್ಯಾಟ್. ಐವತ್ತು ಸಾವಿರದಿಂದ ನೂರರ ಒಳಗೆ!

ಈ ಕೊನೆಯ ಭಾಗದಲ್ಲಿ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ಇದೆ. ‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮಕ್ಕಳು ಪಾಡ್‌ಕಾಸ್ಟ್ ಮಾಡಿಕೊಳ್ಳಲಿ, ರೇಡಿಯೊ ಯಾಕೆ?’ ಎಂದು ತುಂಬಾ ಜನ ಕೇಳುತ್ತಾರೆ. ಕಾಲೇಜು ರೇಡಿಯೊದವರಿಗೆ ಇಂಟರ್‌ನೆಟ್ ಹೊಸದೇನಲ್ಲ. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನ ವಿದ್ಯಾರ್ಥಿ ಕೇಂದ್ರ ಡಬ್ಲ್ಯುಎಕ್ಸ್‌ವೈಸಿ 1994ರ ನವೆಂಬರಿನಲ್ಲೇ ತನ್ನ ಪ್ರಸಾರವನ್ನು ಇಂಟರ್‌ನೆಟ್ಟಿಗೆ ಬಿಟ್ಟಿತ್ತು. ಆಗ ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಂಪರ್ಕವೇ ಸಿಗುತ್ತಿರಲಿಲ್ಲ. ಅದೆಲ್ಲ ಇದ್ದೂ ರೈಸ್‌ನ ಹುಡುಗರು ನಾಲ್ಕು ವರ್ಷ ಕಾದು ಪುಟ್ಟ ಎಫ್‌ಎಂ ಒಂದನ್ನು ಪಡೆದುಕೊಂಡರು. ಪಾಡ್‌ಕಾಸ್ಟನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಎಫ್‌ಎಂ ಹಾಗಲ್ಲ. ಕ್ಯಾಂಪಸ್ ಗೇಟಿನ ಎದುರಿನ ಟೀ ಅಂಗಡಿಯಲ್ಲಿ, ಆಟೊದಲ್ಲಿ, ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಹುಡುಕದವರಿಗೂ ಕೇಳಿಸುತ್ತದೆ. ವಿದ್ಯಾರ್ಥಿಗೆ ತನ್ನನ್ನು ಅರಿಯದ ಕೇಳುಗ ಸಿಗುವುದು ಅಲ್ಲಿಯೇ.

ಈಗ ನಮ್ಮ ಊರಿಗೆ ಬರೋಣ.

ಈ ವಿಷಯದಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಬ್ರೌನ್‌ನ ಹುಡುಗರು ತಂತಿ ಎಳೆಯುವುದಕ್ಕೂ ಒಂದು ವರ್ಷ ಮೊದಲು, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದ್ದು. ಮನೆಯ ಹೆಸರು ವಿಠ್ಠಲ ವಿಹಾರ, ಕೇಂದ್ರದ ಹೆಸರು ಆಕಾಶವಾಣಿ. ವರ್ಷಗಟ್ಟಲೆ ಅವರೇ ನಡೆಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ ರೇಡಿಯೊ ಜಾಲಕ್ಕೆ ಸೇರಿತು. ಒಬ್ಬ ಮೇಷ್ಟರು ಮನೆಯಲ್ಲಿ ಶುರು ಮಾಡಿದ್ದು ಸರ್ಕಾರದ್ದಾಯಿತು. ಆಮೇಲೆ ಅರ್ಧ ಶತಮಾನ ಈ ದೇಶದಲ್ಲಿ ಸರ್ಕಾರವನ್ನು ಬಿಟ್ಟು ಬೇರೆ ಯಾರೂ ರೇಡಿಯೊ ನಡೆಸುವಂತಿರಲಿಲ್ಲ. ಯುವಕರಿಗೆ ಸಿಕ್ಕದ್ದು ಆಕಾಶವಾಣಿಯ ‘ಯುವವಾಣಿ’ಯ ಸಮಯ ಮಾತ್ರ. ಅದೂ ಒಳ್ಳೆಯದೇ, ಎಷ್ಟೋ ಜನ ಅಲ್ಲಿ ಮಾತು ಕಲಿತರು.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತರಂಗಾಂತರ ಸಾರ್ವಜನಿಕರ ಆಸ್ತಿ ಎಂದು ತೀರ್ಪು ಕೊಟ್ಟಿತು. ಸಮುದಾಯ ರೇಡಿಯೊ ಬೇಕು ಎನ್ನುವವರು 1996ರಲ್ಲಿ ಬೆಂಗಳೂರಿನಲ್ಲೇ ಸಭೆ ಸೇರಿ ಘೋಷಣೆ ಹೊರಡಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಪರವಾನಗಿಗೆ ಕಾಯದೆ ‘ನಮ್ಮ ಧ್ವನಿ’ಯನ್ನು ಟಿವಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿಸಿದರು. ಹ್ಯಾನ್‌ಜನ್ ಹಾಸ್ಟೆಲ್ಲಿನ ಬಜರ್ ತಂತಿಯ ಉಪಾಯವೇ, ಬೇರೆ ಊರಿನಲ್ಲಿ.

2002ರ ಡಿಸೆಂಬರಿನಲ್ಲಿ ಸರ್ಕಾರ ಕೊನೆಗೂ ಬಾಗಿಲು ತೆರೆಯಿತು. ಯಾರಿಗೆ? ಮೊದಲು ಶಿಕ್ಷಣ ಸಂಸ್ಥೆಗಳಿಗೆ. ಸ್ವಯಂಸೇವಾ ಸಂಸ್ಥೆಗಳು 2006ರ ತನಕ ಕಾಯಬೇಕಾಯಿತು. ಅಂದರೆ ಬೂದಿಕೋಟೆಯಂಥ ಹಳ್ಳಿಯವರಿಗಿಂತ ಮೊದಲು ಅವಕಾಶ ಸಿಕ್ಕಿದ್ದು ನಿಮಗೆ. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ‘ಅಣ್ಣಾ ಎಫ್‌ಎಂ’ ಶುರುವಾಯಿತು. ನಮ್ಮಲ್ಲೂ ಬಂದವು. ಬೆಂಗಳೂರಿನ ಜೈನ್ ಸಂಸ್ಥೆಯ ‘ರೇಡಿಯೊ ಆಕ್ಟಿವ್’ ಲೈಂಗಿಕ ಅಲ್ಪಸಂಖ್ಯಾತರಿಗೆ, ಕಸ ಆಯುವವರಿಗೆ ಮೈಕು ಕೊಟ್ಟಿದೆ. ಮಂಗಳೂರಿನ ಸಂತ ಅಲೋಶಿಯಸ್‌ನ ‘ರೇಡಿಯೊ ಸಾರಂಗ್’ 107.8ರಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಕೇಳಿಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು ರೈತರ ಕೇಂದ್ರ. ಇವೆಲ್ಲ ಒಳ್ಳೆಯ ಕೆಲಸ, ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ನಮ್ಮಲ್ಲಿ ಕೇಂದ್ರವನ್ನು ಯಾರೂ 95 ಲಕ್ಷ ಡಾಲರಿಗೆ ಮಾರಲು ಆಗುವುದಿಲ್ಲ. ಸರ್ಕಾರ ಕೊಡುವ ಅನುಮತಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಆ ಭಯ ಇಲ್ಲ. ಆದರೆ ಕಳೆದುಕೊಳ್ಳಲು ವಿದ್ಯಾರ್ಥಿಗಳ ಹತ್ತಿರ ಮೊದಲು ಏನಾದರೂ ಇರಬೇಕಲ್ಲ? ನಾನು ಓದುವಾಗ ಒಂದು ಕ್ಯಾಂಪಸ್ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಯಾವುದು ಅನ್ನುವುದು ಬೇಡ. ಐದು ನಿಮಿಷದ ಸ್ಕ್ರಿಪ್ಟಿಗೆ ಮೂರು ಜನರ ಸಹಿ ಬೇಕಿತ್ತು. ಕಾಲೇಜು ಹಬ್ಬದ ಬಗ್ಗೆ ಬರೆದ ಸ್ಕ್ರಿಪ್ಟು ಸಹಿಯಾಗಿ ಬರುವಷ್ಟರಲ್ಲಿ ಹಬ್ಬದ ಪೆಂಡಾಲು ಬಿಚ್ಚಿ ಆಗಿತ್ತು. ಪ್ರಾಂಶುಪಾಲರ ಸಂದೇಶಕ್ಕೆ ಮಾತ್ರ ಯಾವ ಸಹಿಯೂ ಬೇಕಿರಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಸ್ಟುಡಿಯೊಗೆ ಸುಣ್ಣ ಬಣ್ಣ ಆಗುತ್ತಿತ್ತು, ನಮ್ಮನ್ನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಮೈಕಿನ ಮುಂದೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಇಂಥ ಅನುಭವ ಹೇಳುವ ಹಳೆಯ ವಿದ್ಯಾರ್ಥಿಗಳು ಬೇರೆ ಕಡೆಯೂ ನನಗೆ ಸಿಕ್ಕಿದ್ದಾರೆ.

ಕೇಳಿದರೆ ಬರುವ ಉತ್ತರ, ‘ಸಮುದಾಯ ರೇಡಿಯೊದಲ್ಲಿ ಸುದ್ದಿ ಹೇಳುವಂತಿಲ್ಲಪ್ಪ, ನಿಯಮ’. ನಿಯಮ ನಿಜ. ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೋ ಅನುವಾದಿಸಿಯೋ ಹಾಕಬಹುದು ಅಷ್ಟೆ. ಈ ನಿರ್ಬಂಧ ಹೋಗಬೇಕು ಎನ್ನುವವನು ನಾನು. ಆದರೆ ಅದೇ ನಿಯಮ ಏನನ್ನು ಸುದ್ದಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವುದನ್ನೂ ಸ್ವಲ್ಪ ಓದಿ. ಊರಿನ ಸಾಂಸ್ಕೃತಿಕ ಕಾರ್ಯಕ್ರಮ, ಹಬ್ಬ, ಜಾತ್ರೆ. ಪರೀಕ್ಷೆ, ಫಲಿತಾಂಶ, ದಾಖಲಾತಿ. ಉದ್ಯೋಗದ ಮಾಹಿತಿ. ನೀರು, ಕರೆಂಟು, ಹವಾಮಾನ, ಟ್ರಾಫಿಕ್ಕು. ಇದಕ್ಕೆಲ್ಲ ಅಡ್ಡಿಯಿಲ್ಲ. ಒಬ್ಬ ವಿದ್ಯಾರ್ಥಿಯ ದಿನದಲ್ಲಿ ಇದಕ್ಕಿಂತ ಜಾಸ್ತಿ ಇನ್ನೇನಿರುತ್ತದೆ? ಸೆಮಿಸ್ಟರ್ ಫಲಿತಾಂಶ ತಡವಾದರೆ ಪರೀಕ್ಷಾಂಗ ಕುಲಸಚಿವರನ್ನು ಸ್ಟುಡಿಯೊಗೆ ಕರೆದು ‘ಯಾವಾಗ ಬರುತ್ತೆ ಸಾರ್?’ ಎಂದು ಕೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನಮ್ಮ ಸಂಕೋಚ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಾನೂನು ಏನೂ ಬೇಕಿಲ್ಲ. ಪ್ರತಿ ಸಮುದಾಯ ರೇಡಿಯೊಗೂ ಒಂದು ಸಲಹಾ ಮತ್ತು ಕಾರ್ಯಕ್ರಮ ಸಮಿತಿ ಇರಬೇಕು ಎಂದು ಸರ್ಕಾರದ ಮಾರ್ಗಸೂಚಿ ಈಗಾಗಲೇ ಹೇಳುತ್ತದೆ. ಅದರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2024ರಲ್ಲಿ ಸೇರಿಸಿದ್ದಾರೆ. ನೀವು ಆ ಸಮಿತಿಗೆ ವಿದ್ಯಾರ್ಥಿಗಳನ್ನು ಸೇರಿಸಿ. ಒಬ್ಬರನ್ನು ಹೆಸರಿಗೆ ಕೂರಿಸಿ ಕೈತೊಳೆದುಕೊಳ್ಳಬೇಡಿ, ಮೂರರಲ್ಲಿ ಒಂದು ಭಾಗವಾದರೂ ಇರಲಿ. ಅವರನ್ನು ಸ್ವಯಂಸೇವಕರೇ ಆರಿಸಲಿ, ವಿಭಾಗದ ಮುಖ್ಯಸ್ಥರು ಆರಿಸುವುದು ಬೇಡ.

ಪ್ರಸಾರದಲ್ಲಿ ಒಂದಿಷ್ಟು ಹೊತ್ತನ್ನು ಪೂರ್ತಿ ವಿದ್ಯಾರ್ಥಿಗಳ ಜವಾಬ್ದಾರಿಗೆ ಬಿಡಿ. ಕಾನೂನಿನ ಎಲ್ಲೆ ಏನು ಎಂದು ಮೊದಲೇ ಕೂರಿಸಿ ಹೇಳಿ. ಆಮೇಲೆ ಸ್ಕ್ರಿಪ್ಟು ತರಿಸಿಕೊಳ್ಳಬೇಡಿ. ತಪ್ಪಾದರೆ ಮಾರನೆಯ ದಿನ ಅದೇ ಹೊತ್ತಿನಲ್ಲಿ ಅವರೇ ತಿದ್ದಿ ಹೇಳಲಿ. ತಪ್ಪು ಆಗಿಯೇ ಆಗುತ್ತದೆ. ಯಾರದೋ ಹೆಸರು ತಪ್ಪಾಗಿ ಹೇಳುತ್ತಾರೆ, ಮೈಕು ಆಫ್ ಮಾಡಲು ಮರೆತು ಗೆಳೆಯನನ್ನು ಬೈಯುತ್ತಾರೆ. ನೂರು ವ್ಯಾಟಿನ, ಹೆಚ್ಚೆಂದರೆ ಮೂವತ್ತು ಮೀಟರ್ ಎತ್ತರದ ಆಂಟೆನಾದ ಕೇಂದ್ರ ಅದು. ಕೇಳಿಸುವುದು ಹತ್ತು ಹನ್ನೆರಡು ಕಿಲೋಮೀಟರ್. ಆಕಾಶವೇನೂ ಕಳಚಿ ಬೀಳುವುದಿಲ್ಲ.

ರಜೆಯ ಸಮಸ್ಯೆಗೆ ಹ್ಯೂಸ್ಟನ್ನಿನವರ ಉಪಾಯವನ್ನೇ ತೆಗೆದುಕೊಳ್ಳಿ. ಹಳೆಯ ವಿದ್ಯಾರ್ಥಿಗಳನ್ನು, ಸುತ್ತಲಿನ ಬಡಾವಣೆಯ ಆಸಕ್ತರನ್ನು ಸೇರಿಸಿ. ಹೇಗೂ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯವಾಗಿ, ಜನರ ಪಾಲುದಾರಿಕೆಯಲ್ಲಿ ತಯಾರಾಗಬೇಕು ಎಂದು ನಿಯಮವೇ ಕೇಳುತ್ತದೆ.

ದುಡ್ಡಿನ ಮಾತೂ ಇದೆ. ಈಗ ಗಂಟೆಗೆ 12 ನಿಮಿಷದ ತನಕ ಜಾಹೀರಾತು ಹಾಕಬಹುದು. ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 74 ರೂಪಾಯಿ ದರ ಇದೆ. ದೊಡ್ಡ ಮೊತ್ತವೇನಲ್ಲ. ಆದರೂ ಎಷ್ಟು ಬಂತು, ಎಲ್ಲಿ ಹೋಯಿತು ಎನ್ನುವ ಲೆಕ್ಕ ಸಮಿತಿಯ ವಿದ್ಯಾರ್ಥಿಗಳ ಮುಂದೆ ಬರಲಿ. ಕೆಟ್ಟ ಮೈಕ್ರೊಫೋನ್ ಬದಲಿಸಲು ವರ್ಷಗಟ್ಟಲೆ ಕಾಯುವ ಸ್ಥಿತಿ ಆಗಲಾದರೂ ತಪ್ಪೀತು.

ಇನ್ನೊಂದು ಸಣ್ಣ ಕೋರಿಕೆ. ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಎನ್ನುವುದು ನಿಯಮ. ಮೂರು ತಿಂಗಳಾದ ಮೇಲೆ ಹಾರ್ಡ್ ಡಿಸ್ಕ್ ತುಂಬಿತು ಅಂತ ಅಳಿಸಿಬಿಡಬೇಡಿ. ಯಾವುದೋ ಅಜ್ಜಿ ಬಂದು ಹಾಡಿಹೋದ ಸೋಬಾನೆ ಪದ ಅದರಲ್ಲಿರುತ್ತದೆ. ನಿಮ್ಮ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು, ಒಂದು ಪಟ್ಟಿ ಸಾಕು.

ಇದೆಲ್ಲ ಒಟ್ಟಿಗೆ ಆಗದಿದ್ದರೆ ಬೇಡ. ಬರುವ ಶೈಕ್ಷಣಿಕ ವರ್ಷ ಶನಿವಾರ ಸಂಜೆ ಆರರಿಂದ ಎಂಟರವರೆಗಿನ ಹೊತ್ತನ್ನು ಬಿಟ್ಟುಕೊಟ್ಟು ನೋಡಿ. ಎರಡು ಪುಟದ ಒಪ್ಪಂದ ಬರೆಯಿರಿ. ಆ ಹೊತ್ತಿನಲ್ಲಿ ಸ್ಟುಡಿಯೊದ ಬೀಗದ ಕೈ ವಿದ್ಯಾರ್ಥಿ ಸಂಯೋಜಕರ ಹತ್ತಿರ ಇರುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಸೆಮಿಸ್ಟರ್ ಮುಗಿದ ಮೇಲೆ ಎರಡೂ ಕಡೆಯವರು ಕೂತು ಮಾತಾಡಿ.

ಈ ಪತ್ರಕ್ಕೆ ನೀವು ಉತ್ತರ ಕೊಡುವುದಾದರೆ ನನಗೆ ಬರೆಯಬೇಕಾಗಿಲ್ಲ. ನಿಮ್ಮದೇ ಕೇಂದ್ರಕ್ಕೆ ಹೋಗಿ, ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ಲೈವ್ ಆಗಿ ಉತ್ತರ ಕೊಡಿ. ಪ್ರಶ್ನೆಗಳನ್ನು ಮೊದಲೇ ಕಳಿಸಿ ಎಂದು ಮಾತ್ರ ಕೇಳಬೇಡಿ.

ಇಂತಿ,
ಕ್ಯಾಂಪಸ್ ರೇಡಿಯೊದ ಒಬ್ಬ ಹಳೆಯ ಸ್ವಯಂಸೇವಕ